ಪಟ್ಟ ಸಿಗದ ದೊಡ್ಡ ಆಟಗಾರ: ಲಾಯೋಶ್ ಪೋರ್ಟಿಶ್

ಎಲ್ಲರಿಗೂ ನಮಸ್ಕಾರ.

ಹಂಗೇರಿಯ ಚೆಸ್ ಅಂದ ಕೂಡಲೇ ನಮಗೆಲ್ಲ ನೆನಪಾಗುವುದು ಜುಡಿತ್ ಪೋಲ್ಗಾರ್, ಅಲ್ವಾ? ನಾನು ಇವತ್ತು ಮಾತಾಡಲು ಬಂದಿರುವುದು ಅವರಿಗಿಂತ ತುಂಬಾ ಹಿರಿಯರಾದ ಲಾಯೋಶ್ ಪೋರ್ಟಿಶ್ ಬಗ್ಗೆ. ಅವರು ವಿಶ್ವ ಚಾಂಪಿಯನ್ ಆಗಲಿಲ್ಲ. ಚಾಂಪಿಯನ್‌ಗೆ ಸವಾಲು ಹಾಕುವ ಪಂದ್ಯವೂ ಅವರಿಗೆ ಸಿಗಲಿಲ್ಲ. ಆದರೂ ಅವರಷ್ಟು ಗಟ್ಟಿ ಆಟಗಾರರು ಚೆಸ್‌ನಲ್ಲಿ ತೀರಾ ಕಡಿಮೆ ಅಂತ ನಾನು ನಂಬಿದ್ದೇನೆ.

ಪೋರ್ಟಿಶ್ ಹುಟ್ಟಿದ್ದು 1937ರಲ್ಲಿ. 1956ರಲ್ಲಿ, ಹತ್ತೊಂಬತ್ತನೇ ವಯಸ್ಸಿಗೇ, ಮಾಸ್ಕೋ ಒಲಿಂಪಿಯಾಡ್‌ನಲ್ಲಿ, ಅಂದರೆ ದೇಶ ದೇಶಗಳ ತಂಡಗಳು ಆಡುವ ಚೆಸ್ ಸ್ಪರ್ಧೆಯಲ್ಲಿ, ಹಂಗೇರಿ ತಂಡಕ್ಕೆ ಆಡಿದರು. ತಂಡಕ್ಕೆ ಕಂಚು ಬಂತು. ಅದಾಗಿ ಕೆಲವೇ ವಾರಗಳಲ್ಲಿ ಬುಡಾಪೆಸ್ಟ್‌ನಲ್ಲಿ ಜನ ದಂಗೆ ಎದ್ದರು. ಅದನ್ನು ಅಡಗಿಸಲು ಸೋವಿಯತ್ ಟ್ಯಾಂಕುಗಳು ಬೀದಿಗಿಳಿದವು. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

1961ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಆದರು, ಅದು ಚೆಸ್ ಆಟಗಾರರಿಗೆ ಸಿಗುವ ಅತಿ ದೊಡ್ಡ ಬಿರುದು. ದೇಶದ ಚಾಂಪಿಯನ್ ಪಟ್ಟ ಒಂಬತ್ತು ಸಲ ಬಂತು. ಓಪನಿಂಗ್‌ಗಳನ್ನು, ಅಂದರೆ ಆಟದ ಶುರುವಿನ ನಡೆಗಳನ್ನು, ಮನೆಯಲ್ಲೇ ಕೂತು ಅರೆದು ಕುಡಿದಿದ್ದರು. ಆಗ ಕಂಪ್ಯೂಟರ್ ಇಲ್ಲ. ಬೋರ್ಡು, ಪುಸ್ತಕ, ತಲೆ, ಅಷ್ಟೇ. ಈ ಶಿಸ್ತಿಗಾಗಿಯೇ ಅವರನ್ನು 'ಹಂಗೇರಿಯ ಬೊಟ್ವಿನ್ನಿಕ್' ಅಂತ ಕರೆಯುತ್ತಿದ್ದರು. ಬೊಟ್ವಿನ್ನಿಕ್ ಅಂದರೆ ಶಿಸ್ತಿನ ತಯಾರಿಗೆ ಹೆಸರಾದ ಸೋವಿಯತ್ ವಿಶ್ವ ಚಾಂಪಿಯನ್.

ಅವರು ಸೋತ ಒಂದು ಆಟವನ್ನು ಸ್ವಲ್ಪ ನೋಡೋಣ. 1966, ಅಮೆರಿಕದ ಸಾಂಟಾ ಮೋನಿಕಾ. ಎದುರಿಗೆ ಬಾಬಿ ಫಿಷರ್. ಬಿಳಿ ಕಾಯಿ ಪೋರ್ಟಿಶ್‌ದು. ಅವರ ಮಂತ್ರಿ ನೇರ ಮೂಲೆಗೆ ಹೋಗಿ ಆನೆಯನ್ನು ಹೊಡೆಯಿತು. ಫಿಷರ್ ಸುಮ್ನೆ ಕುದುರೆಯನ್ನು ಹೊರಗೆ ತಂದರು. ಮಂತ್ರಿಗೆ ವಾಪಸ್ ಬರುವ ದಾರಿ ಮುಚ್ಚಿತು. ಅದು ಇನ್ನೊಂದು ಆನೆಯನ್ನೂ ತಿಂದು ತಾನೂ ಹೋಯಿತು. ಒಂದು ಮಂತ್ರಿಗೆ ಎರಡು ಆನೆ. ಲೆಕ್ಕದಲ್ಲಿ ಪೋರ್ಟಿಶ್‌ಗೇ ಲಾಭ. ಆದರೆ 'ಸಿ' ಸಾಲಿನಲ್ಲಿ ಅವರ ಕಾಲಾಳುಗಳು ಒಂದರ ಹಿಂದೊಂದು ನಿಂತಿದ್ದವು. ಕಾಪಾಡುವುದು ಕಷ್ಟ. ಫಿಷರ್‌ರ ಒಂಟೆ, ಕುದುರೆ ಎರಡೂ ಅಲ್ಲಿಗೇ ನುಗ್ಗಿದವು. ಮನೆಗೆ ಹೋದ ಮೇಲೆ ಬೋರ್ಡ್ ಮೇಲೆ ಆಡಿ ನೋಡಿ. ಮಂತ್ರಿಗೆ ಯಾವಾಗ ಬೆಲೆ ಜಾಸ್ತಿ ಅಂತ ನನಗೆ ಅರ್ಥವಾಗಿದ್ದು ಇದರಿಂದಲೇ.

ವಿಶ್ವ ಪಟ್ಟಕ್ಕೆ ಸವಾಲು ಹಾಕುವವರನ್ನು ಆರಿಸುವ ಕ್ಯಾಂಡಿಡೇಟ್ಸ್ ಹಂತಕ್ಕೆ ಅವರು ಎಂಟು ಸಲ ತಲುಪಿದರು. ಮೊದಲ ಸಲ 1965ರಲ್ಲಿ, ಕೊನೆಯದು 1988ರಲ್ಲಿ. ಒಮ್ಮೆ ತಾಲ್ ತಡೆದರು, ಒಮ್ಮೆ ಲಾರ್ಸನ್, ಒಮ್ಮೆ ಪೆಟ್ರೋಸಿಯನ್. 1977ರಲ್ಲಿ ಸ್ಪಾಸ್ಕಿ. 1980ರಲ್ಲಿ ಮತ್ತೆ ಅದೇ ಸ್ಪಾಸ್ಕಿ ಎದುರಾದರು. ಹದಿನಾಲ್ಕು ಆಟ ಮುಗಿದರೂ 7-7. ಇಬ್ಬರಿಗೂ ಒಂದೊಂದೇ ಗೆಲುವು. ಪೋರ್ಟಿಶ್ ಗೆದ್ದದ್ದು ಕಪ್ಪು ಕಾಯಿಯಲ್ಲಿ. ಆ ಒಂದು ಕಾರಣಕ್ಕೇ ಅವರು ಮುಂದಕ್ಕೆ ಹೋದರು. ಮುಂದಿನ ಸುತ್ತಿನಲ್ಲಿ ಹ್ಯೂಬ್ನರ್‌ಗೆ ಸೋತರು. ಬಾಗಿಲ ತನಕ ಎಂಟು ಸಲ ಹೋಗಿ ಬಂದವರು ಮತ್ತೆ ಬೋರ್ಡಿನ ಮುಂದೆ ಕೂರಬೇಕಾದರೆ ಎಂಥ ಮನಸ್ಸಿರಬೇಕು ಯೋಚಿಸಿ.

ಈಗ 1978ಕ್ಕೆ ಬರೋಣ. ಬ್ಯೂನಸ್ ಐರಿಸ್ ಒಲಿಂಪಿಯಾಡ್. 1952ರಿಂದ ತಾನು ಆಡಿದ ಪ್ರತಿ ಒಲಿಂಪಿಯಾಡ್‌ನಲ್ಲೂ ಸೋವಿಯತ್ ತಂಡದ್ದೇ ಚಿನ್ನ. 1970ರಲ್ಲಿ, 1972ರಲ್ಲಿ ಹಂಗೇರಿ ಅವರ ಹಿಂದೆ ಎರಡನೇ ಸ್ಥಾನಕ್ಕೆ ನಿಂತಿತ್ತು. ಈ ಸಲ ಆಗಿನ ವಿಶ್ವ ಚಾಂಪಿಯನ್ ಕಾರ್ಪೋವ್ ಸೋವಿಯತ್ ತಂಡಕ್ಕೆ ಬಂದಿರಲಿಲ್ಲ, ನಿಜ. ಆದರೆ ಸ್ಪಾಸ್ಕಿ, ಪೆಟ್ರೋಸಿಯನ್ ಇಬ್ಬರೂ ಇದ್ದರು, ಇಬ್ಬರೂ ಮಾಜಿ ವಿಶ್ವ ಚಾಂಪಿಯನ್ನರು. ಹಂಗೇರಿಯ ಮೊದಲ ಬೋರ್ಡಿನಲ್ಲಿ ಪೋರ್ಟಿಶ್, ಅವರ ಜೊತೆ ರಿಬ್ಲಿ, ಸಾಕ್ಸ್, ಅಡೋರ್ಯಾನ್. ಕೊನೆಗೆ ಹಂಗೇರಿ 37, ಸೋವಿಯತ್ 36. ಒಂದೇ ಒಂದು ಪಾಯಿಂಟು! 1956ರ ಟ್ಯಾಂಕುಗಳನ್ನು ಕಂಡಿದ್ದ ಊರಿಗೆ ಈ ಸುದ್ದಿ ಮುಟ್ಟಿದಾಗ ಹೇಗಿದ್ದಿರಬಹುದು! ಸೋವಿಯತ್ ಒಕ್ಕೂಟ ಒಡೆಯುವ ತನಕ ಒಲಿಂಪಿಯಾಡ್‌ನಲ್ಲಿ ಅವರ ತಂಡವನ್ನು ಹಿಂದೆ ಹಾಕಿದ್ದು ಇದೊಂದೇ ಸಲ.

ಪೋರ್ಟಿಶ್ ಒಳ್ಳೆಯ ಹಾಡುಗಾರರು ಕೂಡ. ಒಪೆರಾಕ್ಕೆ, ಅಂದರೆ ಪಾಶ್ಚಾತ್ಯ ಸಂಗೀತ ನಾಟಕಕ್ಕೆ, ಹೊಂದುವ ಗಡಸು ಕಂಠ. ಜನರ ಮುಂದೆ ಕಛೇರಿಗಳನ್ನೂ ಕೊಟ್ಟಿದ್ದಾರೆ.

ಒಟ್ಟು 20 ಒಲಿಂಪಿಯಾಡ್, 260 ಆಟ. ಕೊನೆಯದು 2000ದಲ್ಲಿ, ಇಸ್ತಾಂಬುಲ್‌ನಲ್ಲಿ. ಅವರಿಗೆ ಆಗ 63 ವರ್ಷ. ಅದೇ ತಂಡದಲ್ಲಿ ಜುಡಿತ್ ಪೋಲ್ಗಾರ್ ಇದ್ದರು. ಪೋರ್ಟಿಶ್ ಮಾಸ್ಕೋದಲ್ಲಿ ಮೊದಲ ಸಲ ಕಾಯಿ ನಡೆಸಿದಾಗ ಆಕೆ ಹುಟ್ಟುವುದಕ್ಕೆ ಇನ್ನೂ ಇಪ್ಪತ್ತು ವರ್ಷ ಬಾಕಿ ಇತ್ತು.