ಎಚ್‌ಐವಿ ಜೊತೆ ಬದುಕುವವರ ಹೃದಯ

ಸಭೆಯಲ್ಲಿರುವ ಎಲ್ಲರಿಗೂ ನಮಸ್ಕಾರ.

2004ರ ಏಪ್ರಿಲ್ 1ರಂದು ಕೇಂದ್ರ ಸರ್ಕಾರ ಎಚ್‌ಐವಿ ವೈರಾಣುವನ್ನು ಹತ್ತಿಕ್ಕುವ ಎಆರ್‌ಟಿ ಚಿಕಿತ್ಸೆಯನ್ನು ಉಚಿತವಾಗಿ ಆರಂಭಿಸಿದಾಗ, ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿತ್ತು. ರೋಗಿ ಕ್ಷಯದಿಂದ ಉಳಿದಾನೆಯೇ ಎಂಬುದೇ ಆಗಿನ ದೊಡ್ಡ ಚಿಂತೆ. ಅಂದು ಮೂವತ್ತರ ಪ್ರಾಯದಲ್ಲಿ ಮಾತ್ರೆ ಶುರು ಮಾಡಿದವರು ಇಂದು ಐವತ್ತು ದಾಟಿದ್ದಾರೆ. ಇದು ಸಂತೋಷದ ವಿಷಯ. ಆದರೆ ಈ ವಯಸ್ಸಿನೊಂದಿಗೆ ಬರುವ ಹೃದ್ರೋಗ ಅವರಿಗೆ ಉಳಿದವರಿಗಿಂತ ಸುಮಾರು ಒಂದೂವರೆಯಿಂದ ಎರಡು ಪಟ್ಟು ಹೆಚ್ಚು ಎಂಬುದನ್ನು ನಾವು ಇನ್ನೂ ಸಾಕಷ್ಟು ಗಂಭೀರವಾಗಿ ತೆಗೆದುಕೊಂಡಿಲ್ಲ ಎಂಬುದೇ ನನ್ನ ಕಳವಳ.

ಬೀಡಿ, ಬಿಪಿ, ಶುಗರ್ ಇವೆಲ್ಲ ಇಲ್ಲಿಯೂ ಕಾರಣಗಳೇ. ಆದರೆ ಅವಷ್ಟರಿಂದಲೇ ಈ ಹೆಚ್ಚಳವನ್ನು ವಿವರಿಸಲಾಗುವುದಿಲ್ಲ. ಸೋಂಕಿನ ಮೊದಲ ವಾರಗಳಲ್ಲಿಯೇ ವೈರಾಣು ಕರುಳಿನ ಗೋಡೆಯಲ್ಲಿರುವ ರೋಗನಿರೋಧಕ ಕೋಶಗಳನ್ನು ದೊಡ್ಡ ಪ್ರಮಾಣದಲ್ಲಿ ನಾಶ ಮಾಡುತ್ತದೆ. ಹೀಗೆ ಶಿಥಿಲವಾದ ಗೋಡೆಯ ಮೂಲಕ ಬ್ಯಾಕ್ಟೀರಿಯಾಗಳ ಅಂಶಗಳು ರಕ್ತಕ್ಕೆ ಜಿನುಗುತ್ತಲೇ ಇರುವುದರಿಂದ, ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಾಣುವಿನ ಪ್ರಮಾಣ, ಪತ್ತೆಯಾಗದ ಮಟ್ಟಕ್ಕೆ ಇಳಿದ ಮೇಲೆಯೂ ದೇಹದಲ್ಲಿ ಸಣ್ಣಗೆ ಉರಿಯೂತ ಮುಂದುವರಿಯುತ್ತದೆ, ಮತ್ತು ಆ ಉರಿಯೂತವು ರಕ್ತನಾಳಗಳ ಒಳಪದರವನ್ನು ಕೆಡಿಸಿ ಕೊಬ್ಬು ಕೂರಲು ಜಾಗ ಮಾಡಿಕೊಡುತ್ತದೆ.

ಹಾಗಾದರೆ ಮಾತ್ರೆಗಳ ತಪ್ಪೇನೂ ಇಲ್ಲವೇ ಎಂದು ಹಲವರು ಕೇಳುತ್ತಾರೆ. ಕೆಲವು ಹಳೆಯ ಔಷಧಿಗಳು ಕೊಲೆಸ್ಟ್ರಾಲ್ ಏರಿಸುತ್ತಿದ್ದುದು ನಿಜ. ಆದರೆ ಹೃದಯಕ್ಕೆ ಹೆದರಿ ಮಾತ್ರೆ ನಿಲ್ಲಿಸುವವರು 'ಸ್ಮಾರ್ಟ್' ಅಧ್ಯಯನವನ್ನು ನೆನಪಿಡಬೇಕು. ಎಚ್‌ಐವಿ ಇರುವ 5,472 ಜನರ ಆ ಅಧ್ಯಯನದಲ್ಲಿ ಅರ್ಧದಷ್ಟು ಮಂದಿ ಸಿಡಿ4 ಎಂಬ ರೋಗನಿರೋಧಕ ಕೋಶಗಳ ಎಣಿಕೆ ಚೆನ್ನಾಗಿದ್ದಾಗ ಔಷಧಿ ಬಿಟ್ಟು, ಕುಸಿದಾಗ ಮತ್ತೆ ಹಿಡಿಯುವ ಕ್ರಮ ಅನುಸರಿಸಿದರು. 2006ರಲ್ಲಿ ಪ್ರಕಟವಾದ ಫಲಿತಾಂಶ ನಿರೀಕ್ಷೆಗೆ ತದ್ವಿರುದ್ಧವಾಗಿತ್ತು: ಔಷಧಿ ಬಿಟ್ಟವರಲ್ಲೇ ಸಾವು ಹೆಚ್ಚು, ಹೃದಯ, ಮೂತ್ರಪಿಂಡ, ಯಕೃತ್ತಿನ ತೊಂದರೆಗಳೂ ಹೆಚ್ಚು. ಹೃದಯಕ್ಕೆ ದೊಡ್ಡ ಶತ್ರು ಕಡಿವಾಣವಿಲ್ಲದ ವೈರಾಣುವೇ.

2023ರಲ್ಲಿ ಬಂದ 'ರಿಪ್ರೀವ್' ಅಧ್ಯಯನ ನನಗೆ ಬಹಳ ಭರವಸೆ ಕೊಟ್ಟಿದೆ. ಭಾರತವೂ ಸೇರಿ 12 ದೇಶಗಳ, ಎಚ್‌ಐವಿ ಇರುವ, 40ರಿಂದ 75 ವರ್ಷದ 7,769 ಜನರಲ್ಲಿ, ಸಾಮಾನ್ಯ ಲೆಕ್ಕದ ಪ್ರಕಾರ ಹೃದಯದ ಅಪಾಯ ಕಡಿಮೆ ಅಥವಾ ಮಧ್ಯಮ ಎನಿಸಿದವರಿಗೇ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಗುಂಪಿನ ಪಿಟಾವಸ್ಟ್ಯಾಟಿನ್ ಮಾತ್ರೆ ದಿನಕ್ಕೊಂದು ಕೊಟ್ಟಾಗ, ಹೃದಯಾಘಾತ, ಪಾರ್ಶ್ವವಾಯುಗಳಂಥ ಘಟನೆಗಳು ಶೇ. 35ರಷ್ಟು ಇಳಿದವು. ಮಧುಮೇಹ ತುಸು ಹೆಚ್ಚಿತು ಎಂಬುದನ್ನೂ ಹೇಳಲೇಬೇಕು. ಆದ್ದರಿಂದ ನಲವತ್ತು ದಾಟಿದವರು ತಾವೇ ಅಂಗಡಿಯಿಂದ ಮಾತ್ರೆ ತರದೆ, "ನನಗೆ ಸ್ಟ್ಯಾಟಿನ್ ಬೇಕೇ?" ಎಂದು ವೈದ್ಯರನ್ನು ಕೇಳಬೇಕು.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಎದೆನೋವೆಂದು ಬೇರೆ ಆಸ್ಪತ್ರೆಗೆ ಹೋದವರು ಅವಮಾನದ ಭಯದಿಂದ ಎಆರ್‌ಟಿ ವಿಷಯ ಮುಚ್ಚಿಡುತ್ತಾರೆ. ಅವರು ರಿಟೋನವಿರ್ ಇರುವ ಎಚ್‌ಐವಿ ಔಷಧಿ ತೆಗೆದುಕೊಳ್ಳುತ್ತಿದ್ದು, ತಿಳಿಯದ ವೈದ್ಯರು ಸಿಮ್ವಸ್ಟ್ಯಾಟಿನ್ ಬರೆದರೆ, ಅದು ರಕ್ತದಲ್ಲಿ ಹಲವು ಪಟ್ಟು ಏರಿ ಸ್ನಾಯುಗಳನ್ನೇ ಹಾಳುಮಾಡಬಹುದು. ಡೊಲುಟೆಗ್ರವಿರ್ ಎಂಬ ಎಚ್‌ಐವಿ ಔಷಧಿಯ ಜೊತೆ ಶುಗರ್ ಮಾತ್ರೆಯಾದ ಮೆಟ್‌ಫಾರ್ಮಿನ್ ಪ್ರಮಾಣಕ್ಕೂ ಮಿತಿಯಿದೆ. ಆಸ್ಪತ್ರೆಗಳಲ್ಲಿ ತಾರತಮ್ಯ ಮಾಡುವುದನ್ನು 2017ರ ಎಚ್‌ಐವಿ ಕಾಯ್ದೆ ನಿಷೇಧಿಸಿದೆ. ಎಆರ್‌ಟಿ ಕೇಂದ್ರದ ಚೀಟಿ, ಬೇರೆ ಆಸ್ಪತ್ರೆಯ ಚೀಟಿ ಎರಡನ್ನೂ ಎರಡೂ ಕಡೆ ತೋರಿಸಿ. ಎಆರ್‌ಟಿ ಕೇಂದ್ರಕ್ಕೆ ಮುಂದಿನ ಬಾರಿ ಮಾತ್ರೆಗೆಂದು ಹೋದಾಗ ಬಿಪಿ, ಶುಗರ್, ಕೊಲೆಸ್ಟ್ರಾಲ್ ಪರೀಕ್ಷೆಗಳನ್ನೂ ಕೇಳಿ ಮಾಡಿಸಿಕೊಳ್ಳಿ.