ಒಳಲೆ ಹಿಡಿದು ಕೂರುವ ರಾತ್ರಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಡುರಾತ್ರಿ. ಮಗುವಿನ ಮೈ ಕಾದ ಹಂಚಿನ ಹಾಗೆ ಸುಡುತ್ತಿದೆ, ಸಂಜೆ ಉಂಡದ್ದನ್ನೆಲ್ಲ ಕಾರಿಕೊಂಡಿದೆ. ಬಾಯಾರಿ ನೀರು ಕೇಳುತ್ತದೆ. ತಾಯಿ ಲೋಟದ ತುಂಬ ನೀರು ಹಿಡಿಯುತ್ತಾಳೆ. ಗಟಗಟ ಕುಡಿದ ಮಗು ಎರಡೇ ನಿಮಿಷಕ್ಕೆ ಅಷ್ಟನ್ನೂ ಹೊರಹಾಕುತ್ತದೆ. 'ಹೊಟ್ಟೆಗೆ ಹಿಡಿಸ್ತಿಲ್ಲ, ಇನ್ನೇನೂ ಕೊಡಬೇಡಮ್ಮ' ಅನ್ನುತ್ತಾರೆ ಮನೆಯ ಹಿರಿಯರು. ತಾಲ್ಲೂಕು ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದಷ್ಟು ಕಾಲವೂ ಬೆಳಗಿನ ಜಾವ ಬಂದ ತಾಯಂದಿರಿಂದ ಇದೇ ಮಾತು ಕೇಳಿದ್ದೇನೆ. ಕೆಲಸಕ್ಕೆ ಸೇರುವ ಮುಂಚೆ ನನ್ನ ಮಗಳಿಗೆ ನಾನೂ ಹೀಗೇ ಲೋಟ ಹಿಡಿದವಳು.

ಆ ಲೋಟವನ್ನು ಕೆಳಗಿಡಿ. ಬಾಣಂತನದಲ್ಲಿ ಕೂಸಿಗೆ ಹಾಲು ಕುಡಿಸಲು ಬಳಸಿದ ಒಳಲೆ ಮನೆಯಲ್ಲಿದ್ದರೆ ತೊಳೆದು ತನ್ನಿ, ಇಲ್ಲದಿದ್ದರೆ ಚಹಾ ಚಮಚ ಸಾಕು. ವಾಂತಿಯಾದ ಮೇಲೆ 10 ನಿಮಿಷ ಸುಮ್ಮನಿರಿ. ಆಮೇಲೆ ಎರಡು ನಿಮಿಷಕ್ಕೊಂದು ಚಮಚ, ಅಷ್ಟೇ. ಇದೇನು ಗುಟುಕು ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ: ಗಂಟೆಗೆ 30 ಚಮಚ, ಅಂದರೆ 150 ಮಿಲಿಲೀಟರ್, ಒಂದು ಲೋಟದಷ್ಟು. ಒಟ್ಟಿಗೆ ಕುಡಿಸಿದರೆ ಹೊರಬರುವ ನೀರು ಹೀಗೆ ಕೊಟ್ಟರೆ ಬಹುಪಾಲು ಒಳಗೇ ಉಳಿಯುತ್ತದೆ. ಮತ್ತೆ ವಾಂತಿಯಾದರೆ ಮತ್ತೆ 10 ನಿಮಿಷ ಕಾದು ಶುರುಮಾಡಿ.

ಕೊಡಬೇಕಾದ್ದು ಒಆರ್‌ಎಸ್, ಅಂದರೆ ಉಪ್ಪು, ಸಕ್ಕರೆ ಅಳತೆಯಲ್ಲಿ ಬೆರೆತ ನೀರು. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾದಿಂದ ಸಾಯುತ್ತಿದ್ದಾಗ, ರಕ್ತನಾಳಕ್ಕೆ ಏರಿಸುವ ಸಲೈನ್ ಬಾಟಲಿ ಮುಗಿದುಹೋಗಿತ್ತು. ಡಾಕ್ಟರ್ ದಿಲೀಪ್ ಮಹಲಾನಬೀಸ್ ಉಪ್ಪು, ಗ್ಲುಕೋಸು, ಅಡುಗೆ ಸೋಡಾ ಬೆರೆಸಿದ ನೀರನ್ನು ಬಾಯಿಂದಲೇ ಕುಡಿಸಲು ರೋಗಿಗಳ ಮನೆಯವರ ಕೈಗೇ ಕೊಟ್ಟರು. 100ಕ್ಕೆ 30ರ ಹತ್ತಿರವಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಅಲ್ಲಿ ನೀರು ಕುಡಿಸಿದವರು ಡಾಕ್ಟರರಲ್ಲ. ತಾಯಿ, ಅಣ್ಣ, ಅಜ್ಜಿ.

ಆಶಾ ಕಾರ್ಯಕರ್ತೆಯ ಬಳಿ ಸಿಗುವ ದೊಡ್ಡ ಪೊಟ್ಟಣವನ್ನು ಪೂರ್ತಿ 1 ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದೇ ಸಲ ಹಾಕಿ. ಸ್ವಲ್ಪ ಸ್ವಲ್ಪ ಪುಡಿ ಲೋಟಕ್ಕೆ ಉದುರಿಸಿದರೆ ಉಪ್ಪಿನ ಅಳತೆ ತಪ್ಪುತ್ತದೆ. 200 ಮಿಲಿಲೀಟರಿನ ಚಿಕ್ಕ ಪೊಟ್ಟಣವೂ ಇದೆ, ಮೇಲೆ ಬರೆದದ್ದನ್ನು ಓದಿಕೊಳ್ಳಿ. 24 ಗಂಟೆ ಕಳೆದರೆ ಚೆಲ್ಲಿ ಹೊಸದು ಮಾಡಿ. ಅಪರಾತ್ರಿಯಲ್ಲಿ ಪೊಟ್ಟಣ ಸಿಗಲಿಲ್ಲವೇ? 1 ಲೀಟರ್ ನೀರಿಗೆ ತಲೆತಟ್ಟಿದ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಜಾಸ್ತಿಯಾಗಲೇಬಾರದು, ಕಣ್ಣೀರಿಗಿಂತ ಉಪ್ಪೆನಿಸಿದರೆ ಚೆಲ್ಲಿಬಿಡಿ. ಅಂಗಡಿಯ ಬಣ್ಣದ ಡಬ್ಬಿಯ ಸಿಹಿ ಪಾನೀಯ ಒಆರ್‌ಎಸ್ ಅಲ್ಲ. ಮೊಲೆಹಾಲು ಕುಡಿಯುವ ಕೂಸಿಗೆ ಹಾಲು ನಿಲ್ಲಿಸಬೇಡಿ; ಪದೇ ಪದೇ, ಸ್ವಲ್ಪ ಹೊತ್ತು ಕುಡಿಸಿ. ವಾಂತಿ ತಗ್ಗಿದ ಮೇಲೆ ಮೆತ್ತಗಿನ ಗಂಜಿ.

ಇನ್ನು ಜ್ವರ. ಕಂಬಳಿ ಹೊದಿಸಿ ಬೆವರಿಸುವುದು ಬೇಡ. ತೆಳು ಬಟ್ಟೆ ಹಾಕಿ, ಬೇಕಾದರೆ ಉಗುರುಬೆಚ್ಚಗಿನ ನೀರಲ್ಲಿ ಮೈ ಒರೆಸಿ. ತಣ್ಣೀರು, ಐಸು ಬೇಡ. ಪ್ಯಾರಾಸಿಟಮಾಲ್ ಪ್ರಮಾಣ ಮಗುವಿನ ತೂಕದ ಮೇಲೆ ನಿಂತಿದೆ. ಇಲ್ಲೊಂದು ತಪ್ಪು ನನ್ನನ್ನು ಇಂದಿಗೂ ನಡುಗಿಸುತ್ತದೆ. ಸಿರಪ್ಪಿನ 5 ಮಿಲಿಲೀಟರಿನಲ್ಲಿ ಸಾಮಾನ್ಯವಾಗಿ 125 ಅಥವಾ 250 ಮಿಲಿಗ್ರಾಂ ಔಷಧಿ ಇರುತ್ತದೆ. ಡ್ರಾಪ್ಸಿನಲ್ಲಿ ಒಂದೇ ಮಿಲಿಲೀಟರಿಗೆ 100. ಸಿರಪ್ಪೆಂದು ತಿಳಿದು ಡ್ರಾಪ್ಸನ್ನು ಒಂದು ಚಮಚ ಕುಡಿಸಿದರೆ 500 ಮಿಲಿಗ್ರಾಂ ಹೋಯಿತು! ದೀಪ ಹಾಕಿ, ಬಾಟಲಿಯ ಚೀಟಿ ಓದಿ, ಡಾಕ್ಟರು ಬರೆದಷ್ಟೇ ಕೊಡಿ. ನಡುವೆ ಕನಿಷ್ಠ 4ರಿಂದ 6 ಗಂಟೆ ಬಿಡಿ, ದಿನಕ್ಕೆ 4 ಸಲ ಮೀರಬೇಡಿ. ಆಸ್ಪಿರಿನ್ ಮಕ್ಕಳಿಗೆ ಬೇಡ. ಡೆಂಗಿಯ ಅನುಮಾನವಿದ್ದರೆ ಐಬುಪ್ರೊಫೆನ್ ಕೂಡ ಬೇಡ. ವಾಂತಿ ನಿಲ್ಲಿಸುವ ಔಷಧಿಯನ್ನು ನೀವಾಗಿಯೇ ಕೊಂಡು ಹಾಕಬೇಡಿ. ಹೊಟ್ಟೆಗೆ ಬರೆ ಎಳೆಯುವವರು ಈಗಲೂ ಇದ್ದಾರೆ. ಕೈಮುಗಿದು ಕೇಳುತ್ತೇನೆ, ಆ ಎಳೆಯ ಚರ್ಮವನ್ನು ಸುಡಬೇಡಿ.

ಬೆಳಗಾಗುವುದನ್ನು ಕಾಯದೆ ಹೊರಡಬೇಕಾದ ಹೊತ್ತೂ ಇದೆ. 3 ತಿಂಗಳಿಗಿಂತ ಎಳೆಯ ಕೂಸಿಗೆ ಜ್ವರ 100.4 ಡಿಗ್ರಿ ಮುಟ್ಟಿದರೆ. ಚಮಚದಲ್ಲಿ ಕೊಟ್ಟದ್ದೂ ನಿಲ್ಲದಿದ್ದರೆ. ವಾಂತಿ ಹಸುರಾದರೆ, ರಕ್ತ ಕಂಡರೆ. ಫಿಟ್ಸ್ ಬಂದರೆ, ಕತ್ತು ಬಿಗಿದರೆ, ಎಬ್ಬಿಸಿದರೂ ಮಗು ಮಂಕಾಗಿ ತೂಕಡಿಸಿದರೆ. ಕಣ್ಣು, ನೆತ್ತಿ ಗುಳಿಬಿದ್ದು, ಅತ್ತರೂ ಕಣ್ಣೀರು ಬಾರದಿದ್ದರೆ. 6 ಗಂಟೆಯಿಂದ ಉಚ್ಚೆ ಹೊಯ್ಯದಿದ್ದರೆ. 108ಕ್ಕೆ ಕರೆ ಮಾಡಿ. ದಾರಿಯಲ್ಲೂ, ಮಗು ಎಚ್ಚರವಾಗಿದ್ದು ನುಂಗುತ್ತಿದ್ದರೆ, ಚಮಚ ನಿಲ್ಲಿಸಬೇಡಿ. ಮಳೆಗಾಲದಲ್ಲಿ ಇನ್ನೊಂದು ಎಚ್ಚರ: ಡೆಂಗಿಯಲ್ಲಿ ಜ್ವರ ಇಳಿಯುವಾಗಲೇ ಅಪಾಯ ಏರುತ್ತದೆ. ಮೈ ತಣ್ಣಗಾಯಿತೆಂದು ನೆಮ್ಮದಿಯಾಗುವ ಹೊತ್ತಿಗೆ ಹೊಟ್ಟೆನೋವು, ಬಿಡದ ವಾಂತಿ, ತಣ್ಣನೆಯ ಕೈಕಾಲು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ.

ರಾತ್ರಿಯಿಡೀ ನೀವು ಥರ್ಮಾಮೀಟರನ್ನೇ ನೋಡುತ್ತಿರುತ್ತೀರಿ. ಅದರ ಜೊತೆಗೆ ಮಗುವಿನ ಚಡ್ಡಿಯನ್ನೂ ಮುಟ್ಟಿ ನೋಡಿ. ಒದ್ದೆಯಾಗಿದ್ದರೆ ಕೊಟ್ಟ ನೀರು ಮೈಗೆ ಸೇರಿದೆ. ಬಟ್ಟೆ ಬದಲಿಸಿ, ಕೈ ತೊಳೆದುಕೊಂಡು ಇನ್ನೊಂದು ಚಮಚ ಕೊಡಿ.

ನಮಸ್ಕಾರ.