ನಮ್ಮ ಮೈ ಕೇಳುವ ಪ್ರಶ್ನೆಗಳಿಗೆ ಒಂದು ಪಿಎಚ್.ಡಿ.

ಕೇಳುಗರಿಗೆ ನಮಸ್ಕಾರ.

ಎಂ.ಎಸ್ಸಿ. ಮುಗಿಸಿ ಮುಂದೇನು ಎಂದು ಯೋಚಿಸುತ್ತಿರುವ ತರುಣ ತರುಣಿಯರಿಗೆ, ಅವರ ತಂದೆ ತಾಯಿಗೆ ಇವತ್ತಿನ ಮಾತು. ಉಂಡ ಅನ್ನ ಮೈಯಲ್ಲಿ ಶಕ್ತಿಯಾಗುತ್ತದೆ, ಮಾಂಸವಾಗುತ್ತದೆ, ಮಿಕ್ಕದ್ದು ಕೊಬ್ಬಾಗಿ ಕೂರುತ್ತದೆ. ಈ ಚಯಾಪಚಯದ ಲೆಕ್ಕ ತಪ್ಪಿದಾಗ ಸಕ್ಕರೆ ಕಾಯಿಲೆ, ಹೃದ್ರೋಗ ಹತ್ತಿರವಾಗುತ್ತವೆ. ಇದರ ಬಗ್ಗೆ ಪಿಎಚ್.ಡಿ. ಮಾಡಲು ನಮ್ಮ ನಾಡಿನಲ್ಲೇ ಎಷ್ಟು ಒಳ್ಳೆಯ ಅವಕಾಶಗಳಿವೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ.

ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನೇ ತೆಗೆದುಕೊಳ್ಳಿ, ಊರಿನವರ ಬಾಯಲ್ಲಿ ಅದು ಮಿಷನ್ ಆಸ್ಪತ್ರೆ. 1934ರಿಂದ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿದ್ದರು. ದಶಕಗಳ ನಂತರ ಸಂಶೋಧಕರು ಆ ದಾಖಲೆ ಹಿಡಿದು, ಅದೇ ಊರಿನಲ್ಲಿ ಉಳಿದಿದ್ದವರನ್ನು ಹುಡುಕಿ ಪರೀಕ್ಷೆ ಮಾಡಿದರು. ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ಮುಂದೆ ಹೃದ್ರೋಗ, ಸಕ್ಕರೆ ಕಾಯಿಲೆ ಎರಡೂ ಹೆಚ್ಚು ಎಂದು ಇಂಗ್ಲೆಂಡಿನಲ್ಲಿ ವೈದ್ಯ ಸಂಶೋಧಕ ಡೇವಿಡ್ ಬಾರ್ಕರ್ ತಂಡ ಅಷ್ಟರಲ್ಲಿ ತೋರಿಸಿತ್ತು. ಮೈಸೂರಿನಲ್ಲಿ ಹೃದ್ರೋಗದ ಲೆಕ್ಕವೇನೋ ಹಾಗೇ ಬಂತು, 1996ರಲ್ಲಿ ಅದು ಪ್ರಕಟವಾಯಿತು. ಸಕ್ಕರೆ ಕಾಯಿಲೆಯ ಲೆಕ್ಕ ಮಾತ್ರ ಹೊಂದಲಿಲ್ಲ. ಹುಟ್ಟುವಾಗ ಗಿಡ್ಡಗಿದ್ದು, ಉದ್ದಕ್ಕೆ ಹೋಲಿಸಿದರೆ ದುಂಡಗಿದ್ದವರಲ್ಲಿ, ತಾಯಿಯ ತೂಕ ಹೆಚ್ಚಿದ್ದವರಲ್ಲಿ ಅದು ಜಾಸ್ತಿ ಕಂಡಿತು. ಹಾಗಾದರೆ ಬಸುರಿನಲ್ಲೇ ತಾಯಿಗೆ ಸಕ್ಕರೆ ಏರಿತ್ತೇ? ಈ ಅನುಮಾನ ಬಗೆಹರಿಸಲು 1997ರಿಂದ ಅದೇ ಆಸ್ಪತ್ರೆಯಲ್ಲಿ ಗರ್ಭಿಣಿಯರ ರಕ್ತದ ಸಕ್ಕರೆ ಅಳೆದು, ಹುಟ್ಟಿದ ಮಕ್ಕಳನ್ನು ವರ್ಷ ವರ್ಷ ಹಿಂಬಾಲಿಸಿದರು. ಆಸ್ಪತ್ರೆಯ ಹಳೇ ಕಾಗದವೊಂದು ಇಷ್ಟು ದೂರ ಕರೆದೊಯ್ದ ಉದಾಹರಣೆ ಜಗತ್ತಿನಲ್ಲೇ ಕಡಿಮೆ ಎಂದು ನನಗನ್ನಿಸುತ್ತದೆ.

ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರದೇ ಚಿತ್ರವನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಇಬ್ಬರ ಬಿ.ಎಂ.ಐ., ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, ಒಂದೇ, 22.3. ಮೈಯ ಕೊಬ್ಬು ಮಾತ್ರ ಯುಡ್ಕಿನ್ ಅವರಿಗೆ ಶೇಕಡ 9.1, ಯಾಜ್ಞಿಕರಿಗೆ 21.2. ನೋಡಲು ಸಣಕಲು, ಒಳಗೆ ಕೊಬ್ಬು. ನಮ್ಮ ಎಷ್ಟೋ ಮನೆಗಳಲ್ಲಿ ತೆಳ್ಳಗಿರುವ ಅಣ್ಣನಿಗೋ ಚಿಕ್ಕಪ್ಪನಿಗೋ ನಲವತ್ತಕ್ಕೇ ಶುಗರ್ ಬರುವುದನ್ನು ನೀವೂ ಕಂಡಿರುತ್ತೀರಿ. ಇದರಲ್ಲಿ ವಂಶವಾಹಿಯ ಪಾಲೆಷ್ಟು, ತಾಯಿಯ ಊಟದ ಪಾಲೆಷ್ಟು, ಬಿ12 ಜೀವಸತ್ವದ ಕೊರತೆಯ ಪಾಲೆಷ್ಟು? ಒಂದೊಂದೂ ಒಂದು ಪಿಎಚ್.ಡಿ.ಗೆ ಸಾಕಾಗಿ ಮಿಗುತ್ತದೆ.

ಇಂಥ ಕೆಲಸ ಹೇಗೆ ನಡೆಯುತ್ತದೆ ಎಂಬುದಕ್ಕೆ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ನಡೆದ ಪ್ರಯೋಗವೊಂದನ್ನು ಹೇಳುತ್ತೇನೆ. ಅಮೈನೋ ಆಮ್ಲಗಳೆಂದರೆ ಪ್ರೋಟೀನು ಕಟ್ಟುವ ಇಟ್ಟಿಗೆಗಳು. ಲೈಸೀನ್ ಎಂಬ ಅಮೈನೋ ಆಮ್ಲ ಅಕ್ಕಿ, ರಾಗಿಯಲ್ಲಿ ಕಡಿಮೆ, ಬೇಳೆಯಲ್ಲಿ ಹೆಚ್ಚು. ದಿನಕ್ಕೆ ಎಷ್ಟು ಬೇಕು? ಸ್ವಯಂಸೇವಕರಿಗೆ ಅಳೆದ ಲೈಸೀನ್ ಇರುವ ಆಹಾರ ಕೊಟ್ಟು, ಜೊತೆಗೆ ಮಾಮೂಲಿಗಿಂತ ತುಸು ಭಾರದ ಕಾರ್ಬನ್ ಸೇರಿಸಿದ ಲ್ಯೂಸೀನ್ ಎಂಬ ಇನ್ನೊಂದು ಅಮೈನೋ ಆಮ್ಲ ಕೊಡುತ್ತಾರೆ. ಈ ಕಾರ್ಬನ್ನಿಗೆ ವಿಕಿರಣವಿಲ್ಲ, ಅಪಾಯವಿಲ್ಲ. ಲೈಸೀನ್ ಸಾಲದಿದ್ದರೆ ಮೈ ಪ್ರೋಟೀನು ಕಟ್ಟಲಾರದು. ಆಗ ಬಳಕೆಯಾಗದೆ ಮಿಕ್ಕ ಲ್ಯೂಸೀನ್ ಉರಿದುಹೋಗಿ ಅದರ ಕಾರ್ಬನ್ ಉಸಿರಿನಲ್ಲಿ ಹೊರಬರುತ್ತದೆ. ಆ ಉಸಿರನ್ನು ಹಿಡಿದು ಯಂತ್ರದಲ್ಲಿ ಅಳೆಯುತ್ತಾರೆ. ಇಪ್ಪತ್ನಾಲ್ಕು ಗಂಟೆಯೂ ಮಾದರಿ ತೆಗೆಯಬೇಕು, ಹಾಗಾಗಿ ಯಾರಾದರೊಬ್ಬರು ರಾತ್ರಿಯಿಡೀ ಎದ್ದಿರಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಸಮಿತಿಯ 2007ರ ವರದಿ ವಯಸ್ಕರ ಲೈಸೀನ್ ಅಗತ್ಯವನ್ನು ಕಿಲೋ ತೂಕಕ್ಕೆ 12 ಮಿಲಿಗ್ರಾಂನಿಂದ 30ಕ್ಕೆ ಏರಿಸಿದಾಗ, ಬೆಂಗಳೂರಿನ ಈ ಪ್ರಯೋಗಗಳೂ ಅದಕ್ಕೆ ಆಧಾರವಾಗಿದ್ದವು. ಅನ್ನದ ಜೊತೆ ತೊವ್ವೆ ಯಾಕೆ ಬೇಕು ಎಂಬುದಕ್ಕೆ ಲೆಕ್ಕದ ಸಮೇತ ಉತ್ತರ ಸಿಕ್ಕಿದ್ದು ಹೀಗೆ.

ಇನ್ನು ಸೇರುವ ದಾರಿ. ಸಿ.ಎಸ್.ಐ.ಆರ್.-ಯು.ಜಿ.ಸಿ. ನೆಟ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆ ಬರೆದು ಜೆ.ಆರ್.ಎಫ್., ಅಂದರೆ ಕಿರಿಯ ಸಂಶೋಧಕರ ಫೆಲೋಶಿಪ್, ಗಳಿಸಿದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಇದು 2023ರಿಂದ ಜಾರಿಗೆ ಬಂದ ದರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐ.ಸಿ.ಎಂ.ಆರ್.), ಜೈವಿಕ ತಂತ್ರಜ್ಞಾನ ಇಲಾಖೆಯ ಫೆಲೋಶಿಪ್‌ಗಳೂ ಇವೆ. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ, ಜೀವವಿಜ್ಞಾನದ ರಾಷ್ಟ್ರೀಯ ಕೇಂದ್ರ ಎನ್.ಸಿ.ಬಿ.ಎಸ್., ಮೈಸೂರಿನಲ್ಲಿ ಆಹಾರ ತಂತ್ರಜ್ಞಾನದ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ. ಇವೆ. ಬಿ.ಎಸ್ಸಿ. ಆದವರು ವಿಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ಓದು, ಪಿಎಚ್.ಡಿ. ಎರಡೂ ಒಟ್ಟಿಗಿರುವ ಇಂಟಿಗ್ರೇಟೆಡ್ ಪಿಎಚ್.ಡಿ.ಗೆ ಅರ್ಜಿ ಹಾಕಬಹುದು. ರಸಾಯನಶಾಸ್ತ್ರ, ಸಂಖ್ಯಾಶಾಸ್ತ್ರ ಓದಿದವರು ಇದು ನಮಗಲ್ಲ ಎಂದು ದಯವಿಟ್ಟು ಹಿಂಜರಿಯಬೇಡಿ. ಉಸಿರಿನ ಕಾರ್ಬನ್ ಅಳೆಯಲು ರಸಾಯನಶಾಸ್ತ್ರ ಬೇಕು, ದಶಕಗಳ ದಾಖಲೆಯಿಂದ ನಂಟು ಹೆಕ್ಕಲು ಸಂಖ್ಯಾಶಾಸ್ತ್ರ ಬೇಕು.

ತಂದೆ ತಾಯಿಗೆ ಒಂದು ಮಾತು. ಇದು ಐದಾರು ವರ್ಷದ ಕೆಲಸ. ಮಗಳ ಪಿಎಚ್.ಡಿ. ಯಾವಾಗ ಮುಗಿಯುತ್ತದೆ ಎಂದು ನೆಂಟರು ಕೇಳಿದಾಗ ಅವಳ ಪರವಾಗಿ ನಿಲ್ಲಿ. ವಿದ್ಯಾರ್ಥಿಗಳಿಗೆ ನಾನು ಹೇಳುವುದು, ಸಂಸ್ಥೆಯ ಹೆಸರಿಗಿಂತ ಗೈಡ್ ಯಾರೆಂದು ಮೊದಲು ನೋಡಿ. ಸಂದರ್ಶನಕ್ಕೆ ಮುಂಚೆ ಆ ಲ್ಯಾಬಿನ ಒಂದು ಪ್ರಬಂಧವನ್ನಾದರೂ ಕೋಷ್ಟಕಗಳ ಸಮೇತ ಓದಿ, ಅರ್ಥವಾಗದ ಜಾಗಕ್ಕೆ ಗುರುತು ಹಾಕಿಕೊಂಡು ಹೋಗಿ ಅಲ್ಲೇ ಕೇಳಿ. ಲ್ಯಾಬಿನ ಹಳೆಯ ವಿದ್ಯಾರ್ಥಿಗಳ ಜೊತೆ ಕ್ಯಾಂಟೀನಿನಲ್ಲಿ ಕೂತು ಮಾತಾಡಿ: ಗೈಡ್ ವಾರಕ್ಕೊಮ್ಮೆಯಾದರೂ ಸಿಗುತ್ತಾರೆಯೇ, ಪ್ರಯೋಗ ಕೈಕೊಟ್ಟಾಗ ಹೇಗೆ ನಡೆದುಕೊಳ್ಳುತ್ತಾರೆ, ಫೆಲೋಶಿಪ್ ತಡವಾದರೆ ಏನು ಮಾಡುತ್ತಾರೆ. ಸೇರುವ ತೀರ್ಮಾನ ಆಮೇಲೆ ಮಾಡಿ. ನಮಸ್ಕಾರ.